ಎಡೆಯ ಊಟ ಮತ್ತು ಎರಡನೆಯ ಪ್ರಶ್ನೆ

ನಮ್ಮ ಅಡುಗೆಮನೆಯ ಬಾಗಿಲ ಚೌಕಟ್ಟಿನಲ್ಲಿ ಒಂದು ಮೊಳೆಯಿದೆ. ಆ ಮೊಳೆಯಿಂದ, ತುದಿಯನ್ನು ಕೊಕ್ಕೆಯಾಗಿ ಬಗ್ಗಿಸಿದ ಒಂದು ತಂತಿ ಇಳಿಬಿದ್ದಿದೆ. ನಾನು ಕೆಲಸಕ್ಕೆ ಸೇರಿದ ದಿನದಿಂದ ಇಲ್ಲಿಯವರೆಗೆ ನನಗೆ ಬಂದ ಕಾಗದಗಳೆಲ್ಲ ನಡುವಿಗೆ ತೂತು ಮಾಡಿಸಿಕೊಂಡು ಆ ತಂತಿಯಲ್ಲಿ ಒಂದರ ಮೇಲೊಂದು ಕೂತಿವೆ. ಬಿಡುವಿದ್ದಾಗ ಒಂದನ್ನು ಎಳೆದು ಓದುವ ಚಟ ನನಗುಂಟು. ಮೊನ್ನೆ ಕೈಗೆ ಬಂದದ್ದು ಮಂಗಳೂರಿನ ನನ್ನ ಚಿಕ್ಕಪ್ಪನ ಕಾಗದ. "ನೀನು ಕೇಳಿದ ವಿಷಯಕ್ಕೆ ನನ್ನ ಸಮ್ಮತಿಯಿಲ್ಲ, ಇನ್ನು ಮುಂದೆ ಅದನ್ನು ಎತ್ತಲೂ ಬೇಡ" ಎಂದು ಖಾರವಾಗಿ ಬರೆದಿದ್ದಾರೆ. ನಾನು ಏನು ಕೇಳಿದ್ದೆನೆಂದು ಇಡೀ ಮಧ್ಯಾಹ್ನ ತಲೆ ಕೆರೆದುಕೊಂಡರೂ ನೆನಪಾಗಲಿಲ್ಲ. ಚಿಕ್ಕಪ್ಪ ತೀರಿಕೊಂಡು ಬಹಳ ಕಾಲವಾಯಿತು; ನನ್ನ ಕಾಗದ ಅವರ ಮನೆಯ ಯಾವ ಮೊಳೆಗೆ ನೇತುಬಿದ್ದಿತ್ತೋ, ಯಾವ ಒಲೆಗೆ ಹೋಯಿತೋ. ಉತ್ತರ ನನ್ನ ಕೈಯಲ್ಲಿದೆ, ಪ್ರಶ್ನೆ ಕಳೆದುಹೋಗಿದೆ.

ನಿಮಗೆ ಇದು ತಮಾಷೆಯಾಗಿ ಕಾಣಬಹುದು. ನನಗೂ ಅರ್ಧ ತಮಾಷೆಯೇ. ಉಳಿದರ್ಧಕ್ಕೆ ಕಾರಣ ಬೇರೆ: ಪ್ರಶ್ನೆ ಕಳೆದುಹೋದ ಇಂಥದೇ ಒಂದು ಉತ್ತರವನ್ನು ಹಿಡಿದುಕೊಂಡು ನಾನು ಒಮ್ಮೆ ಒಬ್ಬ ಹೆಂಗಸಿನ ಬದುಕಿನಲ್ಲಿ ಕೈಯಾಡಿಸಿದ್ದೆ. ಅದು ಕೊಡಗು ಇನ್ನೂ ತನ್ನದೇ ಪುಟ್ಟ ರಾಜ್ಯವಾಗಿದ್ದ, ಮಂತ್ರಿಗಳನ್ನು ಕಾಣಬೇಕಾದರೆ ಮಡಿಕೇರಿಯ ಬಸ್ಸು ಹತ್ತಿದರೆ ಸಾಕಾಗಿದ್ದ ಕಾಲ. ನಾನು ಅಮ್ಮತ್ತಿಯ ಹತ್ತಿರದ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರಾಗಿದ್ದೆ. ರೈಟರ್ ಎಂದರೆ ಏನೋ ದೊಡ್ಡದನ್ನು ಬರೆಯುವವನೆಂದು ತಿಳಿಯಬೇಡಿ. ಬೆಳಿಗ್ಗೆ ಮಸ್ಟರ್ ಹಾಕಿ ಆಳುಗಳ ಹೆಸರು ಕೂಗುವುದು, ಯಾರು ಯಾವ ಕೆಲಸಕ್ಕೆ ಹೋದರೆಂದು ಗುರುತು ಮಾಡುವುದು, ಇಷ್ಟೇ. ಆದರೆ ಲೈನುಗಳಲ್ಲಿ, ಅಂದರೆ ಎಸ್ಟೇಟಿನ ಸಾಲುಮನೆಗಳಲ್ಲಿ, ವಾಸವಾಗಿದ್ದ ಕೆಲಸಗಾರರ ಪಾಲಿಗೆ ನಾನು ಇನ್ನೊಂದು ಉಪಯೋಗಕ್ಕೆ ಬರುತ್ತಿದ್ದೆ. ಅವರಿಗೆ ಊರಿನಿಂದ ಕಾಗದ ಬಂದರೆ ಓದಿ ಹೇಳುವವನು ನಾನೇ.

ಅದರಲ್ಲಿ ನಾನೊಂದು ಪದ್ಧತಿ ಮಾಡಿಕೊಂಡಿದ್ದೆ, ಒಳಗೊಳಗೇ ಅದರ ಬಗ್ಗೆ ಹೆಮ್ಮೆಯೂ ಇತ್ತು. ಕಾಗದವನ್ನು ಮೊದಲು ಕಣ್ಣಲ್ಲೇ ಓದಿಕೊಳ್ಳುತ್ತಿದ್ದೆ. ಸಾವುನೋವಿನ ಸುದ್ದಿಯಿದ್ದರೆ ಕ್ಷೇಮಸಮಾಚಾರದ ಭಾಗವನ್ನಷ್ಟೇ ಗಟ್ಟಿಯಾಗಿ ಓದಿ, "ಉಳಿದದ್ದು ನಾಳೆ" ಎಂದು ಮಡಿಸಿ ಜೇಬಿಗಿಟ್ಟು, ಮರುದಿನ ಮನೆಯ ಹಿರಿಯರನ್ನು ಜೊತೆಗೆ ಕೂರಿಸಿಕೊಂಡು ಮಿಕ್ಕದ್ದನ್ನು ಓದುತ್ತಿದ್ದೆ. ದುಃಖವನ್ನು ಎರಡು ಕಂತಿನಲ್ಲಿ ಕೊಟ್ಟರೆ ತಡೆದುಕೊಳ್ಳುವುದು ಸುಲಭ ಎಂಬುದು ನನ್ನ ಲೆಕ್ಕಾಚಾರ. ಕಾಗದವನ್ನು ಬರೆದವನು ಅದನ್ನು ಒಂದೇ ಉಸಿರಿನಲ್ಲಿ ಬರೆದಿರುತ್ತಾನೆ, ಒಂದೇ ಉಸಿರಿನಲ್ಲಿ ಕೇಳಿಸಿಕೊಳ್ಳಲೆಂದು ಬಯಸಿರುತ್ತಾನೆ ಎಂಬುದು ನನಗೆ ಹೊಳೆದಿರಲಿಲ್ಲ.

ನಮ್ಮ ಎಸ್ಟೇಟಿನ ಅಂಚಿನಲ್ಲಿ ತಗಡಿನ ಮಾಡಿನ ಒಂದು ಸಣ್ಣ ದೇವಾಲಯವಿತ್ತು. ಸುತ್ತಲಿನ ಲೈನುಗಳಲ್ಲಿದ್ದ ಹತ್ತು ಹನ್ನೆರಡು ಕ್ರೈಸ್ತ ಕುಟುಂಬಗಳ ಸಭೆ ಅದು. ಅವರಲ್ಲಿ ಹೆಚ್ಚಿನವರು ತಮ್ಮ ಆಯುಷ್ಯದಲ್ಲೇ ದೀಕ್ಷಾಸ್ನಾನ ಪಡೆದವರು. ನಾನು ಹುಟ್ಟಿನಿಂದ ಕ್ರೈಸ್ತ, ಮೇಲಾಗಿ ಓದು ಬರಹ ಬಲ್ಲವನು. ಹಾಗಾಗಿ ನನ್ನನ್ನೇ ಸಭೆಯ ಹಿರಿಯನನ್ನಾಗಿ ಮಾಡಿದ್ದರು. ಅಯ್ಯನವರು, ಅಂದರೆ ನಮ್ಮ ಪಾದ್ರಿಗಳು, ಮೂರು ತಿಂಗಳಿಗೊಮ್ಮೆ ದೂರದಿಂದ ಬಸ್ಸಿನಲ್ಲಿ ಬಂದು ರೊಟ್ಟಿ ದ್ರಾಕ್ಷಾರಸಗಳ ಪವಿತ್ರ ಭೋಜನ ಕೊಟ್ಟು ಹೋಗುತ್ತಿದ್ದರು. ಮಿಕ್ಕ ಭಾನುವಾರಗಳಲ್ಲಿ ಓದುವವನೂ ವಿವರಿಸುವವನೂ ನಾನೇ. ಆ ವರ್ಷ ನಾನು ಹಿಡಿದದ್ದು ನಮ್ಮ ವೇದಪುಸ್ತಕದಲ್ಲಿರುವ ಒಂದು ಪತ್ರ, ಮೊದಲ ಕಾಲದಲ್ಲಿ ಊರೂರು ಸುತ್ತಿ ಬೋಧಿಸಿದ ಅಪೊಸ್ತಲನು ಒಂದು ರೇವುಪಟ್ಟಣದ ಎಳೆಯ ಸಭೆಗೆ ಬರೆದದ್ದು. ವಾರಕ್ಕೆ ಒಂದು ತುಂಡನ್ನು ಹಳೆಯ ಮಸ್ಟರ್ ಕಾಗದಗಳ ಬೆನ್ನ ಮೇಲೆ ದಪ್ಪ ಅಕ್ಷರದಲ್ಲಿ ನಕಲು ಮಾಡುತ್ತಿದ್ದೆ. ಕಾಗದದ ಆ ಮಗ್ಗುಲು ತುಂಬಿದಲ್ಲಿಗೆ ಆ ಭಾನುವಾರದ ದೇವರ ವಾಕ್ಯವೂ ಮುಗಿಯುತ್ತಿತ್ತು.

ಆ ಪತ್ರವನ್ನು ನೀವು ಓದಿದ್ದರೆ ನನ್ನ ಪಾಡು ನಿಮಗೆ ಅರ್ಥವಾದೀತು. ಆ ಊರಿನವರು ಅಪೊಸ್ತಲನನ್ನು ಏನೇನೋ ಕೇಳಿ ಬರೆದಿದ್ದಾರೆ; ಅವರ ಕಾಗದ ಉಳಿದಿಲ್ಲ, ಇವನ ಉತ್ತರವಷ್ಟೇ ಉಳಿದಿದೆ. ಮೂರ್ತಿಯ ಮುಂದಿಟ್ಟ ಮಾಂಸವನ್ನು ನಾವು ತಿನ್ನಬಹುದೇ ಎಂಬುದು ಅವರ ಒಂದು ಪ್ರಶ್ನೆಯಾಗಿದ್ದಿರಬೇಕು. ಒಂದು ಕಡೆ ಇವನು, ಮೂರ್ತಿ ಎಂಬುದೇ ಏನೂ ಅಲ್ಲ, ಊಟದಿಂದ ದೇವರು ಹತ್ತಿರವೂ ಬರುವುದಿಲ್ಲ ದೂರವೂ ಹೋಗುವುದಿಲ್ಲ ಎಂಬರ್ಥದ ಮಾತಾಡುತ್ತಾನೆ. ಸ್ವಲ್ಪ ಮುಂದೆ ಹೋದರೆ ಧ್ವನಿ ಬದಲಾಗಿ, ದೇವರ ಪಂಕ್ತಿಯಲ್ಲೂ ದೆವ್ವಗಳ ಪಂಕ್ತಿಯಲ್ಲೂ ಒಟ್ಟೊಟ್ಟಿಗೆ ಕೂರಲಾಗದು ಎಂದು ಗದರುತ್ತಾನೆ. ಇನ್ನೂ ಸ್ವಲ್ಪ ಮುಂದೆ, ಯಾರಾದರೂ ಊಟಕ್ಕೆ ಕರೆದರೆ ಹೋಗಿ, ಬಡಿಸಿದ್ದನ್ನು ಏನೂ ಕೇಳದೆ ತಿನ್ನಿ ಎನ್ನುತ್ತಾನೆ. ಅಲ್ಲಿಗೂ ನಿಲ್ಲದೆ, ಇದು ನೈವೇದ್ಯದ್ದು ಎಂದು ಯಾರಾದರೂ ಬಾಯಿಬಿಟ್ಟು ಹೇಳಿದರೆ ಮಾತ್ರ, ಹೇಳಿದವನ ಸಲುವಾಗಿ ಬಿಟ್ಟುಬಿಡಿ ಎಂದೂ ಸೇರಿಸುತ್ತಾನೆ. ಮಹಾನುಭಾವ ಬಲಗೈಯಲ್ಲಿ ಕೊಟ್ಟದ್ದನ್ನು ಎಡಗೈಯಲ್ಲಿ ತೆಗೆದುಕೊಂಡು ಮತ್ತೆ ಬಲಗೈಯಲ್ಲಿ ಕೊಡುತ್ತಾನೆ. ನಾನಾದರೋ ಇದನ್ನು ವಾರಕ್ಕೊಂದು ತುಂಡಾಗಿ ಬಡಿಸುತ್ತಿದ್ದೆ.

ನನ್ನ ಕೇಳುಗರಲ್ಲಿ ಎಲ್ಲರಿಗಿಂತ ಗಮನವಿಟ್ಟು ಕೇಳುತ್ತಿದ್ದವಳು ಮಾರ್ತಮ್ಮ. ಹಾಸನದ ಕಡೆಯಿಂದ ಕೂಲಿಗೆ ಬಂದು ನೆಲೆಸಿದ ಮನೆತನ. ಗಂಡನ ಜೊತೆ ಅವಳೂ ನಮ್ಮ ಸಭೆಗೆ ಸೇರಿದಳು, ಗಂಡ ತೀರಿಹೋದ ಮೇಲೂ ಬಿಡಲಿಲ್ಲ. ಓದಲು ಬಾರದು. ಆದರೆ ನಾನು ಓದಿದ್ದನ್ನು ಕಾಫಿಗಿಡದ ಬುಡದಲ್ಲಿ ಕಳೆ ತೆಗೆಯುತ್ತ ಅಕ್ಷರ ತಪ್ಪದೆ ಹೇಳಿಕೊಳ್ಳುತ್ತಿದ್ದಳೆಂದು ಅವಳ ಜೊತೆಯವರು ಹೇಳುತ್ತಿದ್ದರು. ಅವಳಿಗೆ ಒಡಹುಟ್ಟಿದವನು ಒಬ್ಬನೇ, ಪುಟ್ಟಯ್ಯನೆಂಬ ಅಣ್ಣ. ಚೆಟ್ಟಳ್ಳಿಯ ಕಡೆ ಒಂದು ಎಸ್ಟೇಟಿನಲ್ಲಿ ಮೇಸ್ತ್ರಿಯಾಗಿದ್ದ. ಅವನು ಹಳೆಯ ನಡಾವಳಿಯಲ್ಲೇ ಉಳಿದಿದ್ದ, ತಂಗಿಯನ್ನು ಲಕ್ಕಿ ಎಂಬ ಹಳೆಯ ಹೆಸರಿನಿಂದಲೇ ಕರೆಯುತ್ತಿದ್ದ, ತಂಗಿ ದೇವರನ್ನು ಬದಲಾಯಿಸಿದ್ದಕ್ಕೆ ಅಷ್ಟಾಗಿ ತಲೆ ಕೆಡಿಸಿಕೊಂಡವನೂ ಅಲ್ಲ. ಹಬ್ಬಹುಣ್ಣಿಮೆಗೆ ಅವಳನ್ನು ಕರೆಸಿಕೊಳ್ಳುತ್ತಿದ್ದ. ಅವಳಿಗಿದ್ದ ತವರು ಅದೊಂದೇ.

ಇನ್ನು ನಮ್ಮ ಸಭೆಯ ಒಂದು ಕಟ್ಟಳೆಯನ್ನು ಹೇಳಬೇಕು. ಅಯ್ಯನವರು ಬರುವ ಹಿಂದಿನ ದಿನ, ಶನಿವಾರ ಮಧ್ಯಾಹ್ನ, ಭೋಜನದಲ್ಲಿ ಪಾಲುಗೊಳ್ಳುವವರು ಹಿರಿಯನ ಬಳಿ ಬಂದು ಹೆಸರು ಕೊಡಬೇಕು. ಹೆಸರು ಬರೆದುಕೊಳ್ಳುವ ಮೊದಲು ಹಿರಿಯನು ಎರಡು ಪ್ರಶ್ನೆ ಕೇಳಬೇಕು. ಯಾರೊಂದಿಗಾದರೂ ಜಗಳವಿದೆಯೇ ಎಂಬುದು ಮೊದಲನೆಯದು. ಎಡೆ, ಬಲಿ, ನೈವೇದ್ಯಗಳ ಊಟ ಮಾಡಿದ್ದೀರಾ ಎಂಬುದು ಎರಡನೆಯದು. ಎರಡಕ್ಕೂ ಇಲ್ಲ ಎಂದವರ ಹೆಸರು ಮಾತ್ರ ಪಟ್ಟಿಗೆ. ಉಳಿದವರು ಮರುದಿನ ಹಿಂದಿನ ಚಾಪೆಯಲ್ಲಿ ಕೂತು ನೋಡುತ್ತಿರಬೇಕು. ಈ ಕಟ್ಟಳೆಯನ್ನು ಯಾರು ಮಾಡಿದರೋ ಗೊತ್ತಿಲ್ಲ, ನಾನಂತೂ ಅದನ್ನು ಬಲು ಶ್ರದ್ಧೆಯಿಂದ ನಡೆಸುತ್ತಿದ್ದೆ.

ಆ ವರ್ಷ ಮಹಾಲಯ ಅಮಾವಾಸ್ಯೆಯ ಹಿಂದಿನ ಭಾನುವಾರ ನನ್ನ ಕಾಗದದಲ್ಲಿ ಬಂದಿದ್ದದ್ದು ಪಂಕ್ತಿಯ ಬಗೆಗಿನ ಆ ಗದರಿಕೆಯ ಭಾಗ. ಗದರುವುದನ್ನು ಓದುವಾಗ ನನಗೆ ಕಂಠ ಸ್ವಲ್ಪ ಹೆಚ್ಚೇ ಏಳುತ್ತದೆ. ಅಮಾವಾಸ್ಯೆ ಹತ್ತಿರ ಬಂದಿತ್ತಾದ್ದರಿಂದ, ಎಡೆಯ ಊಟ ಎಂದರೆ ಇದೇ, ತಿಳಿದುಕೊಳ್ಳಿ ಎಂದು ನನ್ನ ಕಡೆಯಿಂದಲೂ ಒಂದು ಮಾತು ಸೇರಿಸಿದೆ. ಕಾಗದ ಅಲ್ಲಿಗೆ ತುಂಬಿತ್ತು. "ಉಳಿದದ್ದು ಮುಂದೆ" ಎಂದು ಮಡಿಸಿ ಜೇಬಿಗಿಟ್ಟೆ.

ಮಾರ್ತಮ್ಮ ಅಮಾವಾಸ್ಯೆಗೆ ಅಣ್ಣನ ಮನೆಗೆ ಹೋದಳು. ಹಾಸನದ ಕಡೆಯವರು ಹಿರಿಯರಿಗೆ ಎಡೆ ಇಡುವುದು ನೀವು ಬಲ್ಲಿರಿ: ತೀರಿಹೋದವರಿಗೆ ಇಷ್ಟವಾಗಿದ್ದ ಅಡುಗೆಯನ್ನೆಲ್ಲ ಬಾಳೆಯೆಲೆಯಲ್ಲಿ ಬಡಿಸಿ, ಹೊಸಬಟ್ಟೆ ಇಟ್ಟು, ಬಾಗಿಲು ಮುಚ್ಚಿಕೊಂಡು ಎಲ್ಲರೂ ಹೊರಗೆ ನಿಲ್ಲುತ್ತಾರೆ, ಸತ್ತವರು ಬಂದು ಉಂಡು ಹೋಗುವಷ್ಟು ಹೊತ್ತು ಬಿಟ್ಟು, ಮೆಲ್ಲಗೆ ಕೆಮ್ಮಿ, ಬಾಗಿಲು ತಟ್ಟಿ ಒಳಗೆ ಹೋಗುತ್ತಾರೆ. ಆಮೇಲೆ ಅದನ್ನೇ ಮನೆಯವರು ಉಣ್ಣುತ್ತಾರೆ. ಆ ದಿನ ಎಡೆ ಇಟ್ಟದ್ದು ಮಾರ್ತಮ್ಮನ ತಾಯಿಗೆ. ಮುದುಕಿಗೆ ಒಣಮೀನಿನ ಸಾರೆಂದರೆ ಪ್ರಾಣವಂತೆ, ಅದನ್ನೇ ಮಾಡಿದ್ದರು. ಅತ್ತಿಗೆ ಅಕ್ಕರೆಯಿಂದ ಅವಳ ಮುಂದೆ ಎಲೆ ಎಳೆದು, "ಅವ್ವಂಗೆ ಎಡೆಗಿಟ್ಟಿದ್ದು ಕಣೆ ಲಕ್ಕಿ, ನೀನೇ ಮೊದ್ಲು ತಿನ್ನು" ಎಂದಳಂತೆ. ಮಾರ್ತಮ್ಮ ಕೈ ಹಿಂದಕ್ಕೆ ತೆಗೆದಳು. ಪುಟ್ಟಯ್ಯ ಕೂಗಾಡಲಿಲ್ಲ. "ಅವ್ವನ ಎಡೆ ಬ್ಯಾಡ ಅಂದೋಳಿಗೆ ಈ ಮನೇಲಿ ಇನ್ ಮ್ಯಾಲೆ ಎಲೆ ಇಲ್ಲ" ಎಂದು ಹೇಳಿ, ಅವಳ ಎಲೆಯನ್ನು ತಾನೇ ಮಡಿಸಿ ಎತ್ತಿದನಂತೆ.

ಆ ವಾರ ಅಯ್ಯನವರು ಬರುವವರಿದ್ದರು; ಶನಿವಾರ ಅವಳು ಹೆಸರು ಕೊಡಲು ಬಂದಳು. ಎರಡನೆಯ ಪ್ರಶ್ನೆಗೆ ಹೇಳಬೇಕಾದ ಉತ್ತರವನ್ನು ಎಷ್ಟು ಕಷ್ಟಪಟ್ಟು ಸಂಪಾದಿಸಿದ್ದಳೆಂದು ಅವಳ ಮುಖದಲ್ಲೇ ಕಾಣುತ್ತಿತ್ತು. ಆದರೆ ನಾನು ಕ್ರಮವಾಗಿ ಮೊದಲನೆಯದನ್ನೇ ಮೊದಲು ಕೇಳಿದೆ, ಯಾರೊಂದಿಗಾದರೂ ಜಗಳವಿದೆಯೇ ಎಂದು. ಅವಳು ತಡವರಿಸಿದಳು. ಆಮೇಲೆ ನಡೆದದ್ದನ್ನೆಲ್ಲ ಹೇಳಿ, "ನನಗಿಲ್ಲ ರೈಟ್ರೆ. ಅವನಿಗದೆ" ಎಂದಳು.

ಜಗಳ ಜಗಳವೇ, ರಾಜಿ ಮಾಡಿಕೊಂಡು ಬಾ ಎಂದೆ. ಹೌದು, ಹಾಗೆಯೇ ಅಂದೆ. ಒಂದು ಪ್ರಶ್ನೆಗೆ ಸರಿಯಾಗಿ ನಡೆದುಕೊಂಡದ್ದರಿಂದಲೇ ಇನ್ನೊಂದಕ್ಕೆ ತಪ್ಪಿದವಳನ್ನು ಏನು ಮಾಡಬೇಕೆಂದು ಕಟ್ಟಳೆಯಲ್ಲಿ ಇರಲಿಲ್ಲ. ಕಟ್ಟಳೆಯಲ್ಲಿ ಇಲ್ಲದ್ದನ್ನು ಮಾಡುವಷ್ಟು ಎದೆ ನನಗಿರಲಿಲ್ಲ. ಮರುದಿನ ಅವಳು ಹಿಂದಿನ ಚಾಪೆಯಲ್ಲಿ, ಗೋಡೆಗೆ ಒರಗದೆ, ನೆಟ್ಟಗೆ ಕೂತಿದ್ದಳು. ಅಣ್ಣನ ಎಲೆಯೂ ಇಲ್ಲ, ದೇವರ ಪಂಕ್ತಿಯೂ ಇಲ್ಲ.

ಅದರ ಮುಂದಿನ ಭಾನುವಾರ ನಾನು ಪತ್ರದ ಉಳಿದ ತುಂಡನ್ನು ಓದಿದೆ: ಕರೆದರೆ ಹೋಗಿ, ಬಡಿಸಿದ್ದನ್ನು ಕೇಳದೆ ತಿನ್ನಿ ಎಂಬ ಭಾಗ. ಓದುತ್ತಿದ್ದಂತೆ ನನ್ನ ಧ್ವನಿ ನನಗೇ ಕೇಳಿಸದಷ್ಟು ಇಳಿಯಿತು. ಎಲ್ಲರೂ ಹೋದ ಮೇಲೆ ಮಾರ್ತಮ್ಮ ಬಾಗಿಲಲ್ಲಿ ನಿಂತಿದ್ದಳು. ಕೋಪವಿರಲಿಲ್ಲ, ತಿಳಿದುಕೊಳ್ಳಬೇಕೆಂಬ ಆಸೆಯಷ್ಟೇ ಇತ್ತು, ಅದೇ ನನ್ನನ್ನು ಹೆಚ್ಚು ಸುಟ್ಟದ್ದು. "ಇದೂ ಅದೇ ಕಾಗದದಾಗೇ ಇತ್ತಾ?" ಎಂದು ಕೇಳಿದಳು. ಹೌದೆಂದೆ. "ಅವತ್ತೇ ಓದ್ಬಾರ್ದಿತ್ತಾ ರೈಟ್ರೆ?"

ನನ್ನನ್ನು ಸಮರ್ಥಿಸಿಕೊಳ್ಳಲು ಒಂದು ದಾರಿಯಿತ್ತು, ಅದನ್ನೂ ಹಿಡಿದೆ. ಹೇಳಿ ಬಡಿಸಿದರೆ ತಿನ್ನಬಾರದೆಂದೂ ಅದೇ ತುಂಡಿನಲ್ಲಿದೆ, ನಿನ್ನ ಅತ್ತಿಗೆ ಹೇಳಿಯೇ ಬಡಿಸಿದಳಲ್ಲ, ನೀನು ಮಾಡಿದ್ದೇ ಸರಿ ಎಂದೆ. ಅವಳು ಸಮಾಧಾನಗೊಂಡವಳಂತೆ ತಲೆಯಾಡಿಸಿ ಹೋದಳು. ನನಗೆ ಸಮಾಧಾನವಾಗಲಿಲ್ಲ. ಹೇಳಿದವನ ಸಲುವಾಗಿ ಬಿಡಿ ಎಂದಿದ್ದಾನೆ ಅಪೊಸ್ತಲ. ಅತ್ತಿಗೆಯ ಸಲುವಾಗಿ ನೋಡಿದರೆ ತಿನ್ನುವುದೇ ಸರಿಯಿತ್ತೋ ಏನೋ. ಆ ರೇವುಪಟ್ಟಣದವರು ನಿಜವಾಗಿ ಕೇಳಿದ್ದೇನು? ಯಾರದೋ ಗುಡಿಯ ಯಾವುದೋ ದೇವರ ಮಾಂಸದ ವಿಷಯ ಕೇಳಿದ್ದರೋ, ಸತ್ತ ತಾಯಿಗೆ ಬಡಿಸಿದ ಒಣಮೀನಿನ ವಿಷಯ ಕೇಳಿದ್ದರೋ? ದೆವ್ವಗಳ ಪಂಕ್ತಿ ಎಂದು ಕಂಠ ಏರಿಸಿ ಓದಿದೆನಲ್ಲ, ಮಾರ್ತಮ್ಮನ ಅವ್ವನನ್ನು ನಾನು ಯಾವ ಪಂಕ್ತಿಗೆ ಸೇರಿಸಿದ ಹಾಗಾಯಿತು? ನನಗೆ ನಾಚಿಕೆಯಾಯಿತು.

ಅಯ್ಯನವರು ಮುಂದಿನ ಸಲ ಬಂದಾಗ ಇದನ್ನೆಲ್ಲ ಅವರ ಮುಂದಿಟ್ಟೆ. ಅವರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು, ಎರಡೂ ಸತ್ಯವೇ, ಪ್ರಾರ್ಥನೆಪೂರ್ವಕವಾಗಿ ಓದಬೇಕು ಎಂದರು. ಎರಡೂ ಸತ್ಯವಾದರೆ ಮಾರ್ತಮ್ಮ ಯಾವುದರಲ್ಲಿ ನಿಲ್ಲಬೇಕು ಎಂದು ಕೇಳುವಷ್ಟರಲ್ಲಿ ಅವರ ಬಸ್ಸು ಬಂತು. ಪುಟ್ಟಯ್ಯನಿಗೆ ನಾನೇ ಒಂದು ಕಾಗದ ಬರೆದೆ, ತಪ್ಪು ನಿಮ್ಮ ತಂಗಿಯದಲ್ಲ ನನ್ನದು ಎಂದು. ಅವನಿಗೂ ಓದಲು ಬಾರದು. ಆ ಎಸ್ಟೇಟಿನ ರೈಟರು ಅದನ್ನು ಪೂರ್ತಿ ಓದಿದನೋ, ನನ್ನ ಹಾಗೆ ಅರ್ಧಕ್ಕೇ ಮಡಿಸಿದನೋ. ಉತ್ತರವಂತೂ ಬರಲಿಲ್ಲ.

ಆ ವರ್ಷ ಕಾಫಿಹಣ್ಣು ಕೊಯ್ಯುವ ಪಿಕ್ಕಿಂಗ್ ಮುಗಿದ ಮೇಲೆ ನಾನು ರಜೆ ಹಾಕಿ ಮಂಗಳೂರಿಗೆ ಹೋದೆ. ಹೋದಾಗಲೆಲ್ಲ ಮಾಡುವಂತೆ ಅಬ್ಬಲಿಗೆ ಹೂವಿನ ದಂಡೆ ತೆಗೆದುಕೊಂಡು ನನ್ನ ತಾಯಿಯ ಸಮಾಧಿಗೆ ಹೋಗಿ ಇಟ್ಟೆ. ಅಮ್ಮನಿಗೆ ಅಬ್ಬಲಿಗೆಯೆಂದರೆ ಆಸೆ. ಇಟ್ಟು ಎದ್ದು ನಿಂತವನು ಹಾಗೆಯೇ ನಿಂತೆ. ಇದು ಏನು? ಅಮ್ಮ ಬಂದು ಮುಡಿದುಕೊಳ್ಳುತ್ತಾಳೆಂದು ನಾನು ನಂಬುವುದಿಲ್ಲ. ಹಾಗಾದರೆ ಅಮ್ಮನಿಗೆ ಇಷ್ಟವಾದ ಹೂವನ್ನೇ ಹುಡುಕಿ ತಂದದ್ದೇಕೆ? ಪುಟ್ಟಯ್ಯನೂ ಅವ್ವ ಬಂದು ಒಣಮೀನಿನ ಸಾರು ಸುರಿದುಕೊಳ್ಳುತ್ತಾಳೆಂದು ನಂಬುತ್ತಾನೋ ಇಲ್ಲವೋ ಯಾರು ಕೇಳಿದವರು? ಹೂವು ಬೇರೆ ಊಟ ಬೇರೆ ಎಂದು ನನಗೆ ನಾನೇ ವಾದ ಹೂಡಿದೆ. ಎಲ್ಲಿ ಬೇರೆ ಎಂದು ತೋರಿಸಲು ಹೋಗಿ ಸೋತೆ. ಇಷ್ಟು ವರ್ಷ ನಾನು ಹೆಸರು ಬರೆದುಕೊಳ್ಳುವಾಗ ನನ್ನನ್ನು ಮಾತ್ರ ಯಾರೂ ಏನೂ ಕೇಳಿರಲಿಲ್ಲ.

ಮತ್ತೆ ಮಳೆಗಾಲ ಬಂತು, ಮುಗಿಯುತ್ತ ಬಂತು. ಮಾರ್ತಮ್ಮ ಅಷ್ಟೂ ಭೋಜನಗಳಿಗೆ ಹಿಂದಿನ ಚಾಪೆಯಲ್ಲೇ ಕೂತಳು. ಅಣ್ಣನಿಗೆ ಎರಡು ಸಲ ಹೇಳಿ ಕಳಿಸಿದ್ದಳು, ಅವನಿಂದ ಮಾತಿಲ್ಲ. ಮಹಾಲಯ ಅಮಾವಾಸ್ಯೆಗೆ ನಾಲ್ಕು ದಿನವಿದ್ದಾಗ, ಮಸ್ಟರ್ ಮುಗಿಸಿ ಎಲ್ಲರೂ ಚದುರಿದ ಮೇಲೆ ಅವಳು ಹಿಂದೆ ಉಳಿದಳು.

"ಅತ್ಗೆ ಹೇಳ್ ಕಳ್ಸವ್ಳೆ ರೈಟ್ರೆ. ಎಡೆಗೆ ಬಾ, ಅಣ್ಣನ್ನ ನಾ ನೋಡ್ಕತೀನಿ ಅಂತ. ಹೋದ್ರೆ ಉಣ್ಲೋ ಬ್ಯಾಡ್ವೋ, ನೀವೇ ಹೇಳಿ."

ನಾನು ಬಾಯಿ ತೆರೆದೆ. ಒಂದು ವರ್ಷ ಆ ಪತ್ರವನ್ನು ತುದಿಯಿಂದ ಬುಡಕ್ಕೆ, ಬುಡದಿಂದ ತುದಿಗೆ ಓದಿದ್ದೆ. ಈ ಸಲ ತುಂಡು ಮಾಡದೆ ಓದಿದ್ದೆ. ಪೂರ್ತಿ ಓದಿದರೆ ಸ್ಪಷ್ಟವಾಗುತ್ತದೆಂದುಕೊಂಡಿದ್ದೆ. ಪೂರ್ತಿ ಓದಿದಷ್ಟೂ ಗೊಂದಲ ಹೆಚ್ಚಿತ್ತು. ತಿನ್ನು ಎನ್ನಲು ಧೈರ್ಯವಿಲ್ಲ, ಬೇಡ ಎನ್ನಲು ಮುಖವಿಲ್ಲ. "ನನಗೆ ಗೊತ್ತಿಲ್ಲ ಮಾರ್ತಮ್ಮ" ಎಂದೆ.

ಅವಳು "ಇದ್ನ ಹೋದ್ ವರ್ಷ ಅಂದಿದ್ರೆ ಚೆಂದಾಗಿತ್ತು" ಎಂದು ಹೇಳಿ, ಕತ್ತಿ ಹಿಡಿದು ಕೆಲಸಕ್ಕೆ ಹೋದಳು. ಅಮಾವಾಸ್ಯೆಯ ದಿನ ಬೆಳಿಗ್ಗೆ ಮಸ್ಟರಿನಲ್ಲಿ ಅವಳ ಹೆಸರು ಕೂಗಿದಾಗ ಉತ್ತರವಿರಲಿಲ್ಲ. ಚೆಟ್ಟಳ್ಳಿಗೆ ಹೋಗಲು ಸಿದ್ದಾಪುರದ ಬಸ್ಸು ಹತ್ತಿದಳೆಂದು ಯಾರೋ ಹೇಳಿದರು.

ಆ ವಾರವೂ ಅಯ್ಯನವರು ಬರುವವರಿದ್ದರು. ಶನಿವಾರ ಮಧ್ಯಾಹ್ನ ದೇವಾಲಯದ ಜಗುಲಿಯಲ್ಲಿ ಪುಸ್ತಕ ಬಿಚ್ಚಿಕೊಂಡು ಕೂತೆ. ಒಬ್ಬೊಬ್ಬರೇ ಬಂದರು, ಒಬ್ಬೊಬ್ಬರಿಗೂ ಎರಡು ಪ್ರಶ್ನೆ ಕೇಳಿದೆ, ಬರೆದುಕೊಂಡೆ. ಎಲ್ಲರ ಹಿಂದೆ ಮಾರ್ತಮ್ಮ ಬಂದಳು. ಯಾರೊಂದಿಗಾದರೂ ಜಗಳವಿದೆಯೇ ಎಂದು ಕೇಳಿದೆ.

"ಇಲ್ಲ" ಎಂದಳು. "ಅಣ್ಣ ಎಲೆ ಹಾಕ್ದ ರೈಟ್ರೆ. ಅವನ ಕೈಯಾರೆ ಹಾಕ್ದ" ಎಂದಳು.

ನಾನು ತಲೆ ತಗ್ಗಿಸಿ ಅವಳ ಹೆಸರು ಬರೆಯತೊಡಗಿದೆ. ಅವಳು ಕದಲಲಿಲ್ಲ. ಎಲೆಯ ಮುಂದೆ ಕೂತವಳು ಉಂಡಳೋ, ಅಣ್ಣನಿಗೆ ಬೇರೇನಾದರೂ ಹೇಳಿ ಒಪ್ಪಿಸಿದಳೋ, ಎಲ್ಲವೂ ಅವಳ ನಾಲಿಗೆಯ ತುದಿಯಲ್ಲಿತ್ತು. ನಾನು ಕೇಳಿದ್ದರೆ ಅವಳು ಸುಳ್ಳು ಹೇಳುತ್ತಿರಲಿಲ್ಲ.

"ಇನ್ನೊಂದು ಕೇಳ್ಬೇಕಲ್ಲ ರೈಟ್ರೆ" ಎಂದಳು.

"ಕೇಳಿ ಆಯ್ತು" ಎಂದೆ.

ಅವಳು ಮೆಟ್ಟಿಲಿಳಿದು ಹೋದಳು. ಪಟ್ಟಿಯ ಕೊನೆಗೆ ನನ್ನ ಹೆಸರು ಬರೆಯುವುದು ವಾಡಿಕೆ. ಲೇಖನಿ ಹಿಡಿದು ಬಹಳ ಹೊತ್ತು ಕೂತೆ. ಪತ್ರದಲ್ಲಿ ಹೇಳಿದಂತೆ ಕೇಳದೆ ಬಿಟ್ಟೆನೋ, ಅವಳ ಉತ್ತರಕ್ಕೆ ಹೆದರಿ ಕೇಳದೆ ಬಿಟ್ಟೆನೋ ಅಂದೂ ನನಗೆ ತಿಳಿಯಲಿಲ್ಲ, ಇಂದೂ ತಿಳಿದಿಲ್ಲ. ಸಭೆಯ ಹಿರಿಯ ದೇವಾಲಯದ ಜಗುಲಿಯಲ್ಲಿ ಕೂತು ಸುಳ್ಳು ಹೇಳಿದನೆಂಬುದು ಮಾತ್ರ ಖಂಡಿತ. ಪುಸ್ತಕ ಮುಚ್ಚಿದೆ.

ಮರುದಿನ ಅಯ್ಯನವರು ಪಟ್ಟಿ ನೋಡಿ, ನಿಮ್ಮ ಹೆಸರೆಲ್ಲಿ ಎಂದು ಕೇಳಿದರು. ಹೊಟ್ಟೆ ಸರಿಯಿಲ್ಲ ಎಂದು ಇನ್ನೊಂದು ಸುಳ್ಳು ಹೇಳಿ ಹಿಂದಿನ ಚಾಪೆಯಲ್ಲಿ ಹೋಗಿ ಕೂತೆ. ಅಲ್ಲಿ ಕೂತರೆ ಮುಂದಿನವರ ಬೆನ್ನು ಮಾತ್ರ ಕಾಣುತ್ತದೆ, ರೊಟ್ಟಿ ಮುರಿಯುವುದು ಕಾಣುವುದಿಲ್ಲ. ಅವಳು ಒಂದು ವರ್ಷ ನೋಡಿದ್ದು ಇಷ್ಟೇ ಎಂದು ನನಗೆ ಆಗ ತಿಳಿಯಿತು. ಮಾರ್ತಮ್ಮ ಮುಂದೆ ಹೋಗಿ ಮೊಣಕಾಲೂರಿದಳು, ಕೈಚಾಚಿ ತೆಗೆದುಕೊಂಡಳು, ಎದ್ದು ತಿರುಗಿದಳು. ನಾನು ಎಲ್ಲಿ ಕೂತಿದ್ದೇನೆಂದು ಆಗಲೇ ಅವಳು ನೋಡಿದ್ದು. ನಡುವೆ ಒಂದು ಕ್ಷಣ ನಿಂತಳು. ಆಮೇಲೆ ನೆಟ್ಟಗೆ ಹಿಂದಕ್ಕೆ ಬಂದು, ಮುಂದಿನ ಸಾಲಿನಲ್ಲಿ ತನ್ನ ಜಾಗ ಖಾಲಿಯಿದ್ದರೂ, ನನ್ನ ಚಾಪೆಯ ಇನ್ನೊಂದು ಅಂಚಿನಲ್ಲಿ ಕೂತಳು. ಯಾಕೆ ಎಂದು ಅವಳು ಕೇಳಲಿಲ್ಲ.